ವಾರ್ಡಿನ ಗೆರೆ ಬೀಳುವಾಗ ನಾವೆಲ್ಲಿರುತ್ತೇವೆ?

ಹಾಸನ ನಗರಸಭೆಯನ್ನು ಮಹಾನಗರ ಪಾಲಿಕೆಯ ದರ್ಜೆಗೆ ಏರಿಸಲು ರಾಜ್ಯ ಸರಕಾರ ಮುಂದಾದಂದಿನಿಂದ ಜಿಲ್ಲೆಯ ರಾಜಕೀಯ ವಲಯದಲ್ಲಿ ಚಟುವಟಿಕೆ ಹೆಚ್ಚಿದೆ. ಸುತ್ತಲಿನ ಹಳ್ಳಿಗಳು ನಗರದ ವ್ಯಾಪ್ತಿಗೆ ಸೇರುವಾಗ ಹಳೆಯ ವಾರ್ಡುಗಳ ನಕ್ಷೆ ಹಾಗೆಯೇ ಉಳಿಯುವುದಿಲ್ಲ. ಬೀದಿಗಳು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಹೋಗುತ್ತವೆ, ಮೀಸಲಾತಿಯ ಪಟ್ಟಿಯೂ ಹೊಸದಾಗಿ ಸಿದ್ಧವಾಗುತ್ತದೆ. ಆದರೆ ನಮ್ಮ ಮೊಹಲ್ಲಾಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: 'ಈ ಬಾರಿ ಟಿಕೆಟ್ ಯಾರಿಗೆ?' ಟಿಕೆಟಿಗೂ ಮೊದಲು ವಾರ್ಡು ಇರುತ್ತದೆ, ವಾರ್ಡಿಗೂ ಮೊದಲು ಅದರ ಗಡಿ ಇರುತ್ತದೆ, ಆ ಗಡಿಯನ್ನು ಯಾರೋ ಒಂದು ಮೇಜಿನ ಮೇಲೆ ಎಳೆಯುತ್ತಾರೆ ಎಂಬ ಬಗ್ಗೆ ನಾವು ಯೋಚಿಸುವುದೇ ಇಲ್ಲ.

ಲೆಕ್ಕವನ್ನೊಮ್ಮೆ ನೋಡೋಣ. 2011ರ ಜನಗಣತಿಯ ಪ್ರಕಾರ ಹಾಸನ ನಗರಸಭೆಯ ಜನಸಂಖ್ಯೆ 1 ಲಕ್ಷ 33 ಸಾವಿರಕ್ಕೂ ಮಿಕ್ಕಿತ್ತು. ವಾರ್ಡುಗಳು 35. ಅಂದರೆ ವಾರ್ಡೊಂದಕ್ಕೆ ಸರಾಸರಿ 3,800 ಮಂದಿ. ಚನ್ನರಾಯಪಟ್ಟಣ ಮತ್ತು ಹೊಳೆನರಸೀಪುರ ಪುರಸಭೆಗಳಲ್ಲಿ ತಲಾ 23 ವಾರ್ಡುಗಳು. ಸುಮಾರು 30 ಸಾವಿರ ಜನರಿದ್ದ ಹೊಳೆನರಸೀಪುರದಲ್ಲಿ ವಾರ್ಡೊಂದಕ್ಕೆ ಬರುವುದು 1,300 ಮಂದಿ. ಅರಕಲಗೂಡು ಪಟ್ಟಣ ಪಂಚಾಯತ್‌ನ 17 ವಾರ್ಡುಗಳಲ್ಲಿ ಸರಾಸರಿ ಸಾವಿರದ ಆಸುಪಾಸು. ಇಂಥ ಊರಿನಲ್ಲಿ ಐವತ್ತು ಮನೆಗಳ ಒಂದು ಬೀದಿಯನ್ನು ಪಕ್ಕದ ವಾರ್ಡಿಗೆ ಸೇರಿಸಿದರೆ ವಾರ್ಡಿನ ಕಾಲು ಭಾಗದಷ್ಟು ಜನರು ಬದಲಾದಂತೆಯೇ. ವಿಧಾನಸಭಾ ಕ್ಷೇತ್ರದಲ್ಲಿ ಐವತ್ತು ಮನೆಗಳು ಯಾರ ಗಮನಕ್ಕೂ ಬಾರವು. ಪಟ್ಟಣ ಪಂಚಾಯತ್‌ನಲ್ಲಿ ಅವೇ ಸೋಲು-ಗೆಲುವನ್ನು ನಿರ್ಧರಿಸುತ್ತವೆ. ಊರು ಚಿಕ್ಕದಾದಷ್ಟೂ ಗೆರೆ ಹರಿತವಾಗುತ್ತದೆ.

ಗೆರೆಯ ಮೂಲಕ ಒಂದು ಸಮುದಾಯದ ಮತವನ್ನು ನಿಷ್ಫಲಗೊಳಿಸುವ ವಿಧಾನಗಳು ಮುಖ್ಯವಾಗಿ ಎರಡು. ಒಂದು, ಒಡೆಯುವುದು. ಒಂದೇ ಮೊಹಲ್ಲಾವನ್ನು ಮೂರು ತುಂಡು ಮಾಡಿ ಮೂರು ವಾರ್ಡುಗಳ ಅಂಚಿಗೆ ಅಂಟಿಸಿದರೆ ಎಲ್ಲಿಯೂ ಅವರ ಮಾತು ನಡೆಯದು. ಎರಡು, ತುಂಬುವುದು. ಊರಿನ ಅಷ್ಟೂ ಮುಸ್ಲಿಮರನ್ನು ಒಂದೆರಡು ವಾರ್ಡುಗಳೊಳಗೆ ಒತ್ತಿ ಕೂರಿಸಿದರೆ ಆ ವಾರ್ಡುಗಳಲ್ಲಿ ಗೆಲುವೇನೋ ಖಚಿತ. ಆದರೆ ಉಳಿದ ಇಪ್ಪತ್ತೊಂದು ವಾರ್ಡುಗಳ ಸದಸ್ಯರು ಈ ಸಮುದಾಯದ ಬಾಗಿಲು ಬಡಿಯಬೇಕಾದ ಅಗತ್ಯವೇ ಬೀಳುವುದಿಲ್ಲ. ಮೊದಲನೆಯದನ್ನು ನಾವು ಅನ್ಯಾಯವೆಂದು ಗುರುತಿಸುತ್ತೇವೆ, ಎರಡನೆಯದನ್ನು ಉಪಕಾರವೆಂದು ಭಾವಿಸಿ ಸಂಭ್ರಮಿಸುತ್ತೇವೆ. ನಿಜವಾಗಿ ಎರಡೂ ಒಂದೇ ನಾಣ್ಯದ ಎರಡು ಮುಖಗಳು.

ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂದು ಸಂವಿಧಾನ ಸಭೆ 1949ರ ಮೇ ತಿಂಗಳಲ್ಲೇ ತೀರ್ಮಾನಿಸಿತು. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯು ನಗರ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಜನಸಂಖ್ಯೆಯ ಅನುಪಾತದಲ್ಲಿಯೂ ಮಹಿಳೆಯರಿಗೆ ಮೂರನೇ ಒಂದಕ್ಕೆ ಕಡಿಮೆಯಾಗದಂತೆಯೂ ಸ್ಥಾನಗಳನ್ನು ಮೀಸಲಿಟ್ಟಿತು. ಮಹಿಳೆಯರ ಪಾಲು ನಮ್ಮ ರಾಜ್ಯದಲ್ಲಿ ಶೇಕಡಾ 50ಕ್ಕೆ ಏರಿದೆ. ಹಿಂದುಳಿದ ವರ್ಗಗಳ ಮೀಸಲಾತಿಯನ್ನು ರಾಜ್ಯಗಳ ವಿವೇಚನೆಗೆ ಬಿಡಲಾಯಿತು. ಕರ್ನಾಟಕದ ಸ್ಥಳೀಯ ಸಂಸ್ಥೆಗಳಲ್ಲಿ ಮುಸ್ಲಿಮರು ಸ್ಪರ್ಧಿಸಬಹುದಾದ ಮೀಸಲು ಸ್ಥಾನವೆಂದರೆ ಹಿಂದುಳಿದ ವರ್ಗ 'ಎ'. ಅದರಲ್ಲಿ ಇನ್ನೂ ಅನೇಕ ಸಮುದಾಯಗಳಿವೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕಾಗಿದೆ. 1962ರಲ್ಲಿ ಹೊಳೆನರಸೀಪುರದಿಂದ ವಿಧಾನಸಭೆಗೆ ಆಯ್ಕೆಯಾದ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ, 1995ರಲ್ಲಿ ಜಾರಿಗೆ ಬಂದ '2ಬಿ' ಪ್ರವರ್ಗದ ಶೇಕಡಾ 4ರ ಮೀಸಲಾತಿಯು ಶಿಕ್ಷಣ ಮತ್ತು ಉದ್ಯೋಗಕ್ಕೆ ಸಂಬಂಧಿಸಿದ್ದು. 2023ರ ಮಾರ್ಚ್‌ನಲ್ಲಿ ಅಂದಿನ ಬಿಜೆಪಿ ಸರಕಾರ ರದ್ದುಪಡಿಸಲು ಹೊರಟದ್ದೂ, ಸುಪ್ರೀಮ್ ಕೋರ್ಟಿನ ಮುಂದೆ ತಡೆಯಲ್ಪಟ್ಟದ್ದೂ ಅದೇ. ವಾರ್ಡು ಮೀಸಲಾತಿಗೂ ಅದಕ್ಕೂ ಸಂಬಂಧವಿಲ್ಲ. '2ಬಿ' ಉಳಿದರೆ ಕೌನ್ಸಿಲರ್ ಸ್ಥಾನವೂ ಉಳಿಯಿತು ಎಂದು ಯಾರೂ ನಿಶ್ಚಿಂತರಾಗಬೇಕಾಗಿಲ್ಲ.

ಮೀಸಲಾತಿಯ ಹಂಚಿಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿ ಅದನ್ನು ಎತ್ತಿ ತೋರಿಸಿತ್ತು. ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ಮುಸ್ಲಿಮರು ಹೆಚ್ಚಿರುವ ಅನೇಕ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲಾಗಿವೆ, ಪರಿಶಿಷ್ಟರು ಹೆಚ್ಚಿರುವ ಕ್ಷೇತ್ರಗಳು ಸಾಮಾನ್ಯವಾಗಿಯೇ ಉಳಿದಿವೆ ಎಂದು ಅದು ಹೇಳಿತ್ತು. ವಾರ್ಡುಗಳ ಮಟ್ಟದಲ್ಲಿಯೂ ಇದು ಸಂಭವಿಸಬಹುದು. ಆಗ ನಮ್ಮ ಕೆಲವು ಮುಖಂಡರು ದಲಿತರ ಮೀಸಲಾತಿಯ ವಿರುದ್ಧವೇ ಗೊಣಗತೊಡಗುತ್ತಾರೆ. ಇದು ತಪ್ಪು ಮಾತ್ರವಲ್ಲ, ಅನ್ಯಾಯ ಕೂಡ. ಇಂಥ ಹಂಚಿಕೆಯಲ್ಲಿ ದಲಿತ ಕಾಲೊನಿಯ ನಿವಾಸಿಗೂ ನಷ್ಟವಿದೆ. ಅವನ ವಾರ್ಡು ಮೀಸಲಾಗಬೇಕಿತ್ತು, ಆಗಲಿಲ್ಲ. ಆದ್ದರಿಂದ ಆಕ್ಷೇಪಣೆಯ ಅರ್ಜಿಗೆ ಮೊಹಲ್ಲಾ ಮತ್ತು ಕಾಲೊನಿಗಳೆರಡೂ ಒಟ್ಟಾಗಿ ಸಹಿ ಹಾಕಬೇಕು.

ಪಟ್ಟಿಯೊಂದು ಜನಾದೇಶದ ದಿಕ್ಕನ್ನು ಹೇಗೆ ತಿರುಗಿಸಬಲ್ಲುದು ಎಂಬುದಕ್ಕೆ ಹಾಸನವೇ ಸಾಕ್ಷಿ. 2018ರ ಚುನಾವಣೆಯಲ್ಲಿ ನಗರಸಭೆಯ 35 ಸ್ಥಾನಗಳ ಪೈಕಿ 17ನ್ನು ಜಾತ್ಯತೀತ ಜನತಾದಳ, 13ನ್ನು ಬಿಜೆಪಿ ಗೆದ್ದುಕೊಂಡಿದ್ದವು. ಆದರೆ ಎರಡು ವರ್ಷ ಅಧ್ಯಕ್ಷರೇ ಇರಲಿಲ್ಲ. 2020ರ ಅಕ್ಟೋಬರ್ 8ರ ಅಧಿಸೂಚನೆಯಲ್ಲಿ ಅಧ್ಯಕ್ಷ ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಬಹುಮತಕ್ಕೆ ಒಂದೇ ಸ್ಥಾನ ಕಡಿಮೆಯಿದ್ದ ಪಕ್ಷ ಹಿಂದೆ ಸರಿಯಿತು, 13 ಸ್ಥಾನಗಳ ಪಕ್ಷಕ್ಕೆ ಗಾದಿ ದೊರೆಯಿತು. ಪರಿಶಿಷ್ಟ ಪಂಗಡದ ವ್ಯಕ್ತಿ ನಗರದ ಪ್ರಥಮ ಪ್ರಜೆಯಾದುದು ಸಂತೋಷದ ಸಂಗತಿಯೇ. ಪ್ರಶ್ನೆಯಿರುವುದು ಫಲಿತಾಂಶ ಗೊತ್ತಾದ ಬಳಿಕ ಪಟ್ಟಿ ಸಿದ್ಧಪಡಿಸುವ ಪದ್ಧತಿಯ ಬಗ್ಗೆ. ರಾಜ್ಯವ್ಯಾಪಿಯಾಗಿದ್ದ ಆ ಅಧಿಸೂಚನೆಯನ್ನು ಹೈಕೋರ್ಟಿನ ಏಕಸದಸ್ಯ ಪೀಠ ಅದೇ ನವೆಂಬರ್‌ನಲ್ಲಿ ರದ್ದುಪಡಿಸಿತು, ಬಳಿಕ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ನೀಡಿತು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ಅಸ್ತ್ರ ಅದರ ಕೈಯಲ್ಲಿರುತ್ತದೆ ಎಂಬುದನ್ನು ಮರೆಯಬಾರದು.

ಹಾಗಾದರೆ ನ್ಯಾಯಾಲಯಕ್ಕೆ ಹೋದರಾಯಿತಲ್ಲ ಎನ್ನುವವರಿದ್ದಾರೆ. ಅವರು ಬೆಂಗಳೂರಿನ ಅನುಭವವನ್ನು ನೋಡಲಿ. 2022ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳನ್ನು 243ಕ್ಕೆ ಏರಿಸಿದಾಗ ಕರಡಿಗೆ ಆಕ್ಷೇಪಣೆ ಸಲ್ಲಿಸಲು ಕೊಟ್ಟದ್ದು ಹದಿನೈದು ದಿನ. ಸಾವಿರಾರು ಆಕ್ಷೇಪಣೆಗಳು ಬಂದವು. ಅಂತಿಮ ಅಧಿಸೂಚನೆ ಹೊರಬಿದ್ದ ಮೇಲೆ ವಾರ್ಡು ಗಡಿಗಳನ್ನು ಪ್ರಶ್ನಿಸಿದ ಅರ್ಜಿಗಳು ಸೆಪ್ಟಂಬರ್‌ನಲ್ಲಿ ಹೈಕೋರ್ಟಿನಲ್ಲಿ ವಜಾಗೊಂಡವು. ಅದೇ ತಿಂಗಳ ಕೊನೆಯಲ್ಲಿ ಮೀಸಲಾತಿ ಪಟ್ಟಿಯನ್ನು ಮಾತ್ರ ನ್ಯಾಯಾಲಯ ರದ್ದುಪಡಿಸಿತು. ಮರು ವರ್ಷ ಸರಕಾರ ಬದಲಾದ ಬಳಿಕ ವಾರ್ಡುಗಳ ಸಂಖ್ಯೆ 225 ಆಯಿತು. ಈಗ ಆ ಪಾಲಿಕೆಯೇ ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ಸಂವಿಧಾನದ 243-ಝಡ್‌ಜಿ ವಿಧಿಯು ಕ್ಷೇತ್ರ ವಿಂಗಡಣೆಯಲ್ಲಿ ನ್ಯಾಯಾಲಯದ ಪ್ರವೇಶಕ್ಕೆ ಬೇಲಿ ಹಾಕಿದೆ. ಅಂದರೆ ಗಡಿಯ ಬಗ್ಗೆ ಮಾತಾಡಲು ಸಾಮಾನ್ಯ ಪ್ರಜೆಗಿರುವ ನಿಜವಾದ ಅವಕಾಶ ಕರಡು ಪ್ರಕಟವಾದ ಬಳಿಕದ ಆ ಕೆಲವು ದಿನಗಳು ಮಾತ್ರ. ಆ ದಿನಗಳಲ್ಲಿ ನಮ್ಮ ಸಂಘಟನೆಗಳು, ಜಮಾಅತ್ ಸಮಿತಿಗಳು ಎಲ್ಲಿರುತ್ತವೆ? ಗೆರೆ ಬೀಳುವಾಗ ಮೌನ, ಫಲಿತಾಂಶ ಬಂದಾಗ ಆಕ್ರೋಶ. ಈ ರೂಢಿ ಎಷ್ಟು ಕಾಲ?

ನೋವಿನ ಇನ್ನೊಂದು ಮಾತನ್ನೂ ಹೇಳಲೇಬೇಕಾಗಿದೆ. ಕೆಲವೊಮ್ಮೆ ಮೊಹಲ್ಲಾವನ್ನು ಒಡೆಯುವುದರಲ್ಲಿ ನಮ್ಮವರದ್ದೇ ಪಾತ್ರವಿರುತ್ತದೆ. ತನ್ನ ಗೆಲುವಿಗೆ ಅನುಕೂಲವಾಗುವ ಬೀದಿ ತನಗಿರಲಿ, ಪ್ರತಿಸ್ಪರ್ಧಿಯ ಬೀದಿ ಆಚೆ ಹೋಗಲಿ ಎಂದು ಮುಖಂಡನೊಬ್ಬ ಕಚೇರಿಯ ಹಿಂಬಾಗಿಲಲ್ಲಿ ನಿಂತರೆ ಅವನನ್ನು ಸಮುದಾಯದ ಪ್ರತಿನಿಧಿ ಎನ್ನಲಾದೀತೇ? ಮಹಿಳೆಗೆ ಮೀಸಲಾದ ವಾರ್ಡಿನಲ್ಲಿ ಪತ್ನಿಯ ಹೆಸರು, ಪತಿಯ ಆಡಳಿತ ಎಂಬ ವ್ಯವಸ್ಥೆಯೂ ಹಾಗೆಯೇ. ನಲ್ಲಿಯ ನೀರು ಬಾರದಿದ್ದರೆ, ಚರಂಡಿ ಉಕ್ಕಿದರೆ ಮೊದಲು ತೊಂದರೆ ಅನುಭವಿಸುವವಳು ಮನೆಯೊಳಗಿನ ಹೆಣ್ಣು. ಅವಳಿಗೆ ಸಭೆಯಲ್ಲಿ ಕುರ್ಚಿ ದೊರೆತಿರುವಾಗ ಆ ಕುರ್ಚಿಯ ಮೇಲೆ ಅವಳೇ ಕೂರಲಿ, ಅವಳೇ ಮಾತಾಡಲಿ. ಪ್ರಾತಿನಿಧ್ಯವೆಂಬುದು ಅಮಾನತ್ತು. ಅದನ್ನು ಯಾರಿಗೆ ಒಪ್ಪಿಸಲಾಗಿದೆಯೋ ಅವರೇ ನಿಭಾಯಿಸಬೇಕು.

ಇಷ್ಟಕ್ಕೂ ಮಾಡಬೇಕಾದುದು ಅಸಾಧ್ಯದ ಕೆಲಸವೇನಲ್ಲ. ಹಾಸನದ ಪೆನ್‌ಶನ್ ಮೊಹಲ್ಲಾದಿಂದ ಅರಕಲಗೂಡಿನ ಕೊನೆಯ ಬೀದಿಯವರೆಗೆ, ಪ್ರತಿಯೊಂದು ಬಡಾವಣೆಯಲ್ಲಿ ನಾಲ್ಕೈದು ವಿದ್ಯಾವಂತ ಯುವಕ ಯುವತಿಯರು ಸೇರಿ ಈಗಿನ ವಾರ್ಡಿನ ನಕ್ಷೆಯನ್ನೂ ಚೆಕ್ಕುಬಂದಿಯನ್ನೂ ಪಡೆದಿಟ್ಟುಕೊಳ್ಳಲಿ. ಮನೆಗಳ ಸಂಖ್ಯೆ, ಮತದಾರರ ಪಟ್ಟಿಯಲ್ಲಿರುವ ಮತ್ತು ಬಿಟ್ಟುಹೋದ ಹೆಸರುಗಳನ್ನು ಬರೆದಿಡಲಿ. ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಗಣನೆಯ ದಿನವೆಂದು ಕೇಂದ್ರ ಸರಕಾರ ನಿಗದಿಪಡಿಸಿದೆ. ಮುಂದಿನ ವಾರ್ಡುಗಳ ಬುನಾದಿ ಆ ಅಂಕಿಗಳೇ ಆದುದರಿಂದ ಪ್ರತಿಯೊಂದು ಮನೆಯೂ ಲೆಕ್ಕಕ್ಕೆ ಸೇರುವಂತೆ ನೋಡಿಕೊಳ್ಳಲಿ. ಕರಡು ಅಧಿಸೂಚನೆ ಪ್ರಕಟವಾದೊಡನೆ ಅದರ ಕೊನೆಯ ದಿನಾಂಕವನ್ನು ಜುಮಾದ ಬಳಿಕ ಮಸೀದಿಯ ಫಲಕದಲ್ಲಿ ಹಾಕಲಿ. ಆಕ್ಷೇಪಣೆಯಲ್ಲಿ ಆವೇಶದ ಮಾತು ಬೇಡ. ಯಾವ ರಸ್ತೆ, ಯಾವ ಓಣಿ, ಎಷ್ಟು ಮನೆ, ಯಾವ ಸಹಜ ಗಡಿಯನ್ನು ದಾಟಿ ಗೆರೆ ಎಳೆಯಲಾಗಿದೆ, ಪಕ್ಕದ ವಾರ್ಡಿಗಿಂತ ಜನಸಂಖ್ಯೆ ಎಷ್ಟು ಹೆಚ್ಚು ಕಡಿಮೆ ಎಂಬುದಷ್ಟೇ ಇರಲಿ. ಅರ್ಜಿಗೆ ನೆರೆಯ ಒಕ್ಕಲಿಗ, ಲಿಂಗಾಯತ, ದಲಿತ ಕುಟುಂಬಗಳ ಸಹಿಯೂ ಇರಲಿ. ಸ್ವೀಕೃತಿ ಪಡೆಯುವುದನ್ನು ಮರೆಯದಿರಲಿ.

ನಮ್ಮ ಬೇಡಿಕೆ ಮುಸ್ಲಿಮ್ ವಾರ್ಡುಗಳು ಬೇಕು ಎಂದಾಗಬಾರದು. ಒಂದೇ ಬಾವಿಯ ನೀರು ಕುಡಿದ, ಒಂದೇ ಶಾಲೆಗೆ ಮಕ್ಕಳನ್ನು ಕಳುಹಿಸಿದ, ಒಂದೇ ಚರಂಡಿಯ ನಾತವನ್ನು ಸಹಿಸಿದ ಮನೆಗಳು ಒಟ್ಟಿಗಿರಲಿ, ಅವು ಯಾವ ಧರ್ಮದವರದ್ದಾದರೂ ಸರಿ ಎಂಬುದು ನಮ್ಮ ಬೇಡಿಕೆಯಾಗಬೇಕು. ಈ ಮಾತನ್ನು ಹೊಳೆನರಸೀಪುರದ ಯಾವ ನಾಗರಿಕನೂ ತಳ್ಳಿಹಾಕಲಾರ, ಚನ್ನರಾಯಪಟ್ಟಣದ ಯಾವ ಅಧಿಕಾರಿಯೂ ಇದನ್ನು ಕೋಮುವಾದವೆಂದು ಕರೆಯಲಾರ. ಕೌನ್ಸಿಲರ್ ಯಾರಾಗಬೇಕು ಎಂಬ ಚರ್ಚೆಗೆ ಮುಂದೆ ಸಮಯವಿದೆ. ಗಡಿಯ ಬಗ್ಗೆ ಮಾತಾಡಲಿಕ್ಕಿರುವ ಸಮಯ ಬಹಳ ಕಿರಿದು. ಅದು ಕೈ ಜಾರುವ ಮುನ್ನ ನಾವು ಎಚ್ಚರಗೊಳ್ಳುವೆವೇ?