ಗಣಕದೊಳಗಿನ ಉತಾರಕ್ಕೆ ಜಾಮೀನು ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ಯಾವ ತಾಲೂಕಿನ ರೈತನನ್ನು ಕೇಳಿದರೂ ಕಚೇರಿಯಿಂದ ಹೊತ್ತು ತಂದ ಮಾತು ಒಂದೇ: "ಸರ್ವರ್ ಡೌನ್ ಐತ್ರಿ, ನಾಳಿ ಬರ್ರಿ." ನಾಳೆ ಹೋದರಾಯಿತು, ಬಸ್ ಚಾರ್ಜು ದಂಡ ಅಷ್ಟೇ. ಆದರೆ ನಾಳೆ ಯಂತ್ರ ನೆಟ್ಟಗಿದ್ದು, ಒಳಗಿನ ದಾಖಲೆಯೇ ಕೆಟ್ಟಿದ್ದರೆ?

'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರ ಸೇರಿ ಎರಡು ದಶಕ ದಾಟಿತು. ಕೈಬರಹದ ಉತಾರ ರದ್ದಾಯಿತು. ತಲಾಠಿಯ ಮರ್ಜಿ ಕಾಯುವುದು ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಬೆಳೆಸಾಲ, ವಾರಸಾ, ಆಲಮಟ್ಟಿ ಹಿನ್ನೀರಿನ ಮುಳುಗಡೆ ಪರಿಹಾರ - ಎಲ್ಲಕ್ಕೂ ಈಗ ಆ ಯಂತ್ರದ ಅಕ್ಷರವೇ ಆಧಾರ.

ಯಂತ್ರ ಕೆಡುವುದು ಹಳತಾಗಿ ಮಾತ್ರವಲ್ಲ, ರಿಪೇರಿ ಮಾಡಹೋದಾಗಲೂ ಕೆಡುತ್ತದೆ. ಗೋದಾಮಿನ ಚೀಲ ಸರಿಯಾಗಿ ಜೋಡಿಸಬೇಕಾದರೆ ಒಂದಷ್ಟು ಖಾಲಿ ಜಾಗ ಬೇಕಲ್ಲವೇ? ಡಿಸ್ಕಿನ ಲೆಕ್ಕವೂ ಅದೇ. ಹಳೆಯ ದಾಖಲೆ ಅಳಿಸಿ, ಉಳಿದದ್ದನ್ನು ಒಪ್ಪ ಮಾಡುವಾಗ ಜಾಗ ಮುಗಿದರೆ, ಇಲ್ಲವೇ ನಡುವೆ ಕರೆಂಟ್ ಹೋದರೆ, ಅರ್ಧ ಹಳತು ಅರ್ಧ ಹೊಸತು ಆಗಿ ಕೂಡುತ್ತದೆ. ಯಾರದೋ ಸರ್ವೆ ನಂಬರ್, ಯಾರದೋ ಹೆಸರು!

ದೊಡ್ಡವರೂ ಬಿದ್ದಿದ್ದಾರೆ

ಜಪಾನಿನ ಟೊಯೋಟಾ ಕಾರು ಕಂಪನಿಗಿಂತ ಶಿಸ್ತಿನವರು ಯಾರು? 2023ರ ಆಗಸ್ಟ್ 27ರಂದು ಅವರಲ್ಲಿ ಇಂಥದೇ ಮಾಮೂಲಿ ಸ್ವಚ್ಛತಾ ಕೆಲಸ ನಡೆಯಿತು. ಡಿಸ್ಕಿನಲ್ಲಿ ಜಾಗ ಸಾಲದೆ ಬಿಡಿಭಾಗಗಳ ಆರ್ಡರ್ ವ್ಯವಸ್ಥೆ ನಿಂತುಹೋಯಿತು. ಆಪತ್ತಿಗೆಂದು ಇಟ್ಟಿದ್ದ ಬದಲಿ ಯಂತ್ರವೂ ಅದೇ ವ್ಯವಸ್ಥೆಯಲ್ಲಿತ್ತು. ಅದೂ ಜೊತೆಗೇ ಬಿತ್ತು. 29ರಂದು ಜಪಾನಿನ ಅವರ 14 ಕಾರ್ಖಾನೆಗಳೂ ಬಂದ್! ಹೆಚ್ಚು ಜಾಗವಿದ್ದ ಸರ್ವರಿಗೆ ದಾಖಲೆ ಸಾಗಿಸಿದ ಮೇಲೆಯೇ ಚಕ್ರ ತಿರುಗಿದ್ದು.

ಅವರದು ನಿಂತಿತು, ಮತ್ತೆ ನಡೆಯಿತು. ಕ್ಯೋಟೋ ವಿಶ್ವವಿದ್ಯಾಲಯದ ಪಾಡು ಅದಕ್ಕಿಂತ ಕಷ್ಟ. 2021ರ ಡಿಸೆಂಬರಿನಲ್ಲಿ ನಕಲು ತೆಗೆಯುವ ಪ್ರೋಗ್ರಾಮಿನ ತಪ್ಪೇ ಅಲ್ಲಿಯ ಸುಮಾರು 3.4 ಕೋಟಿ ಫೈಲುಗಳನ್ನು ಅಳಿಸಿತು. ನಾಲ್ಕು ಸಂಶೋಧನಾ ತಂಡಗಳ ಕೆಲಸ ಮರಳಿ ಬರಲೇ ಇಲ್ಲ. ಕಾವಲುಗಾರನೇ ಕಣಜಕ್ಕೆ ಬೆಂಕಿ ಇಟ್ಟಂತೆ.

ಅಂಗಡಿಕಾರರಿಗೊಂದು ಮಾತು

ನಿಮ್ಮ ಕೀರ್ದಿ, ಖತಾವಣಿ ಈಗ ಟ್ಯಾಲಿಯಲ್ಲಿವೆ. ಲೆಕ್ಕ ಹೊಂದುತ್ತಿಲ್ಲವೆಂದು ರಿಪೇರಿ ಗುಂಡಿ ಒತ್ತುವ ಮೊದಲು ನಕಲು ತೆಗೆಯಿರಿ. ಅದು ಅದೇ ಕಂಪ್ಯೂಟರಿನಲ್ಲಿ ಇದ್ದರೆ ನಕಲಲ್ಲ. ಒಂದೇ ಪೆಟ್ಟಿಗೆಯ ಎರಡು ಕೀಲಿ ಒಂದೇ ಜೇಬಿನಲ್ಲಿಟ್ಟಂತೆ. ಬೇರೆ ಡಿಸ್ಕಿನಲ್ಲಿರಲಿ, ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿ. ತೆರೆಯದ ನಕಲು ಬರೀ ನಂಬಿಕೆ.

ರೈತರೂ ಸಾಲ, ಖರೀದಿಯ ಹೊತ್ತಿಗಷ್ಟೇ ಓಡಬಾರದು. ವರ್ಷಕ್ಕೊಮ್ಮೆ ಉತಾರ ತೆಗೆಸಿ, ಹೆಸರು, ಕ್ಷೇತ್ರ ತಾಳೆ ನೋಡಿ, ಹಳೆಯದರ ಜೊತೆ ಟ್ರಂಕಿನಲ್ಲಿಡಬೇಕು. ತಪ್ಪು ಕಂಡಾಗ ಸಾಕ್ಷಿ ಅದೇ.

ಇನ್ನು ಸರಕಾರಕ್ಕೆ ಎರಡೇ ಪ್ರಶ್ನೆ. ನಮ್ಮ ದಾಖಲೆಯ ನಕಲು ಬೇರೆ ಊರಿನ ಬೇರೆ ಯಂತ್ರದಲ್ಲಿ ಇದೆಯೇ? ಅದನ್ನು ಕೊನೆಯ ಸಲ ತೆರೆದು ಪರೀಕ್ಷಿಸಿದ್ದು ಯಾವ ತಾರೀಖು? ಪ್ರತಿ ತಾಲೂಕು ಕಚೇರಿಯ ಬೋರ್ಡಿನ ಮೇಲೆ ಆ ತಾರೀಖು ಬರೆಯಲಿ. ಸೀಮೆಸುಣ್ಣದ ಖರ್ಚು ಅಷ್ಟೇ!