ನಾರ್ಮಲ್ ಅಂದ್ರ ಏನೂ ಇಲ್ಲ ಅಂತ ಅಲ್ಲ

"ಎಲ್ಲಾ ನಾರ್ಮಲ್ ಅದ, ಆರಾಮ ಮನಿಗೆ ಹೋಗ್ರಿ." ಎದಿ ಬ್ಯಾನಿ ಅಂತ ದವಾಖಾನಿಗೆ ಹೋಗಿ ಈ ಮಾತು ಕೇಳಿ ಬಂದವರು ನಮ್ಮೊಳಗ ಎಷ್ಟು ಮಂದಿ ಇದ್ದೀರಿ? ನಮ್ಮ ಓಣ್ಯಾಗ ನಾನು ಎಣಿಸಿದ್ರನ ಆರು ಮಂದಿ ಆಗ್ತಾರ. ಆ ಮಾತು ಕೇಳಿದ ಕೂಡಲೇ ಮನಿಮಂದಿಗೆಲ್ಲಾ ಸಮಾಧಾನ. ದೇವರ ಮುಂದ ತುಪ್ಪದ ದೀಪ ಹಚ್ಚತಾರ, ರಿಪೋರ್ಟಿನ ಫೈಲು ಕಪಾಟಿನ್ಯಾಗ ಹೋಗ್ತದ. ಆದ್ರ ಬ್ಯಾನಿ ಹೋಗಿರೂದಿಲ್ಲ. ಅಲ್ಲಿಂದ ಮುಂದ ಆಕಿ "ಎದಿ ನೋಯಾಕತ್ತದ" ಅಂದ್ರ ಯಾರೂ ತಲಿ ಎತ್ತಿ ಸೈತ ನೋಡೂದಿಲ್ಲ. "ಡಾಕ್ಟರು ಏನೂ ಇಲ್ಲ ಅಂದಾರಲ್ಲ!" ಅಂತಾರ. ಕಡೀಕ ಆಕಿನೂ ಹೇಳೂದು ಬಿಟ್ಟಬಿಡ್ತಾಳ.

ಡಾಕ್ಟರು "ಹೃದಯದ ಪರೀಕ್ಷಾ ನಾರ್ಮಲ್" ಅಂದಿರ್ತಾರ. ಮನಿಗೆ ಬಂದು ಮುಟ್ಟೂದ್ರಾಗ ಅದು "ಏನೂ ಇಲ್ಲ" ಅಂತ ಆಗಿರ್ತದ. ಈ ಎರಡೂ ಒಂದ ಮಾತಲ್ಲ. ಪರೀಕ್ಷಾ ನಾರ್ಮಲ್ ಬಂದಿದ್ದು ಛಲೋ ಸುದ್ದಿನ, ಅದರಾಗ ಎರಡು ಮಾತಿಲ್ಲ. ಆದ್ರ "ಹಂಗಾರ ಈ ನೋವು ಯಾತರದು?" ಅನ್ನೋ ಪ್ರಶ್ನಿ ಹಂಗ ಉಳದಿರ್ತದ. ಅದನ್ನ ಕೇಳಬೇಕು, ಉತ್ತರ ಸಿಗೋತನಕ ಕೇಳಬೇಕು ಅನ್ನೋದ ನನ್ನ ವಾದ.

ಮುಂದ ಹೋಗೂಕಿಂತ ಮೊದಲ ಒಂದು ಎಚ್ಚರಿಕಿ ಹೇಳ್ತೀನಿ. ಹೋದ ತಿಂಗಳ ರಿಪೋರ್ಟ್ ನಾರ್ಮಲ್ ಇತ್ತು ಅಂತ ಇವತ್ತಿನ ಬ್ಯಾನಿ ಅಲಕ್ಷ್ಯ ಮಾಡಬ್ಯಾಡ್ರಿ. ಎದಿ ಒತ್ತಿ ಹಿಡದಂಗಾಗಿ ಬಿಡದ ಇದ್ರ, ಗದ್ದಕ್ಕ, ಬೆನ್ನಿಗೆ, ಎಡಗೈಗೆ ನೋವು ಹರದ್ರ, ತಣ್ಣನ ಬೆವರು ಬಂದ್ರ, ಉಸಿರು ಹತ್ತಿದ್ರ, ವಾಂತಿ ಬಂದಂಗಾದ್ರ ಹಿಂಗಿನ ನೀರು, ಸೋಡಾ ಅಂತ ಕೂಡಬ್ಯಾಡ್ರಿ. 108ಕ್ಕ ಫೋನ್ ಮಾಡ್ರಿ. ನಮ್ಮ ಹೆಣ್ಮಕ್ಕಳಿಗೆ ಹಾರ್ಟ್ ಅಟ್ಯಾಕ್ ಕೆಲವೊಮ್ಮೆ ಎದಿ ನೋವಿಗಿಂತ ಹೆಚ್ಚು ದಣಿವು, ಉಸಿರು, ವಾಕರಿಕಿ ಆಗಿನೂ ಬರ್ತದ. ಈಗ ಸರಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನಾದಾಗ ತಾಲೂಕು ದವಾಖಾನಿಯೊಳಗನೂ ಇಸಿಜಿ ತಗದು ತಜ್ಞರಿಗೆ ಕಳಿಸಿ ಕೇಳೋ ವ್ಯವಸ್ಥಾ ಅದ. ಹೋಗಿ ಗ್ಯಾಸ್ ಅಂತ ಗೊತ್ತಾದ್ರ ನಾಚಿಗಿ ಏನಿಲ್ಲ, ನಕ್ಕೋತ ಮನಿಗೆ ಬರೋಣಂತ.

ಈಗ ಈ ಪರೀಕ್ಷಾಗಳ ಮಾತು. ಇವು ಯಾವುವೂ ಸುಳ್ಳಲ್ಲ. ಆದ್ರ ಒಂದೊಂದಕ್ಕ ಕಾಣೋದು ಒಂದೊಂದ.

ಇಸಿಜಿ ಕಾಗದದ ಮ್ಯಾಲೆ ಬರೋದು ಸುಮಾರು 10 ಸೆಕೆಂಡಿನ ಎದಿ ಬಡಿತ. ಹಾಲಿನ ಭೋಗೋಣಿ ಒಲಿ ಮ್ಯಾಲೆ ಇಟ್ಟು 10 ಸೆಕೆಂಡ್ ನೋಡಿ "ಇದು ಉಕ್ಕೂದಿಲ್ಲ" ಅಂತ ಯಾರರ ಹೇಳ್ತೀರೇನು? ಬ್ಯಾನಿ ಬಂದಾಗ ತಗದ ಇಸಿಜಿಗೂ, ಬ್ಯಾನಿ ಹೋಗಿ ಎರಡು ದಿನ ಆದಮ್ಯಾಲೆ ತಗದದ್ದಕ್ಕೂ ಭಾಳ ಫರಕ್ ಅದ. ಎಕೋದಾಗ ಹೃದಯ ಹೆಂಗ ಪಂಪ್ ಮಾಡ್ತದ, ಅದರ ಬಾಗಿಲಗೋಳು ಸರಿ ಮುಚ್ಚತಾವೋ ಇಲ್ಲೋ ಅನ್ನೋದು ಕಾಣ್ತದ. ಅದೂ ನಾವು ಆರಾಮ ಮಲಗಿದಾಗ. ಟಿಎಂಟಿ ಅಂತ ಓಡೋ ಪಟ್ಟಿ ಮ್ಯಾಲೆ ನಡಸ್ತಾರಲ್ಲ, ಅದು ಹೆಣ್ಮಕ್ಕಳೊಳಗ ಗಂಡಸರಷ್ಟು ಖಚಿತ ಉತ್ತರ ಕೊಡೂದಿಲ್ಲ ಅಂತ ಡಾಕ್ಟರೇ ಹೇಳ್ತಾರ.

ಇನ್ನ ಆಂಜಿಯೋಗ್ರಾಮ್. "ಆಂಜಿಯೋನ ಕ್ಲೀನ್ ಬಂದದ, ಇನ್ನೇನು ಬೇಕು?" ಅಂತಾರ. ಹುಬ್ಬಳ್ಳಿ-ಧಾರವಾಡದ ನಮಗ ನೀರಿನ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಟಾಕಿ ತುಂಬಿರ್ತದ, ರಸ್ತಾದ ದೊಡ್ಡ ಪೈಪಿನ್ಯಾಗ ನೀರು ಬಂದಿರ್ತದ, ನಮ್ಮ ಮನಿ ನಳಕ್ಕ ಮಾತ್ರ ಬರೂದಿಲ್ಲ. ಆಂಜಿಯೋಗ್ರಾಮಿನಾಗ ಕಾಣೋದು ಹೃದಯದ ಮ್ಯಾಲಿನ ದೊಡ್ಡ ಪೈಪು. ಹೃದಯದ ಸ್ನಾಯುದೊಳಗ ಕೂದಲಿನಂಗ ಹರಡಿದ ಸಣ್ಣ ನಾಳ ಅದರಾಗ ಕಾಣೂದಿಲ್ಲ. ಆ ಸಣ್ಣ ನಾಳ ಕೆಲಸ ಬಿದ್ದಾಗ ಅಗಲ ಆಗಲಿಲ್ಲಂದ್ರ ಎದಿ ಹಿಡೀತದ. ಇದಕ್ಕ ಮೈಕ್ರೋವ್ಯಾಸ್ಕುಲರ್ ಆಂಜೈನಾ ಅಂತಾರ. ಇನ್ನೊಂದು ಅದ: ದೊಡ್ಡ ನಾಳನ ಒಮ್ಮೆಲೆ ಸೆಟೆದು ಬಿಗೀತದ, ಸ್ವಲ್ಪ ಹೊತ್ತಿಗೆ ಸಡಲಾಗ್ತದ. ಅದು ಹೆಚ್ಚಾಗಿ ರಾತ್ರಿ ಇಲ್ಲಾ ನಸುಕಿನ್ಯಾಗ, ಸುಮ್ಮ ಮಲಗಿದ್ದಾಗ ಬರ್ತದ. ಮುಂಜಾನೆ 11ಕ್ಕ ಆಂಜಿಯೋ ಮಾಡಿದ್ರ ನಾಳ ಸ್ವಚ್ಛನ ಇರ್ತದ.

ಇದು ಹೊಸಾ ಶೋಧ ಏನಲ್ಲ. 1973ರಾಗನ ಇಂಥಾ ಎದಿ ಬ್ಯಾನಿಗೆ "ಸಿಂಡ್ರೋಮ್ ಎಕ್ಸ್" ಅಂತ ಹೆಸರಿಟ್ಟಿದ್ರು.  1991ರಾಗ ಅಮೆರಿಕಾದ ಹೃದಯ ತಜ್ಞೆ ಬರ್ನಡಿನ್ ಹೀಲಿ ಅನ್ನೋ ಡಾಕ್ಟರು ಒಂದು ಲೇಖನ ಬರದು, ಹೆಣ್ಮಗಳ ಹೃದಯರೋಗ ಗಂಡಸಿನ ರೋಗದಂಗನ ಕಂಡ್ರ ಮಾತ್ರ ಅದಕ್ಕ ಸರಿ ಔಷಧ ಸಿಗ್ತದ ಅಂತ ಹೇಳಿದ್ರು. ಅದಕ್ಕ "ಯೆಂಟಲ್ ಸಿಂಡ್ರೋಮ್" ಅಂತ ಹೆಸರು ಕೊಟ್ರು. ಯೆಂಟಲ್ ಅಂದ್ರ ಒಂದು ಕಥಿಯೊಳಗಿನ ಹುಡುಗಿ, ಓದಲಿಕ್ಕೆ ಬಿಡೂದಿಲ್ಲ ಅಂತ ಗಂಡಸಿನ ವೇಷ ಹಾಕ್ಕೋತಾಳ. 1996ರಾಗ ಅಲ್ಲೇ "ವೈಸ್" ಅಂತ ಹೆಣ್ಮಕ್ಕಳ ಎದಿ ಬ್ಯಾನಿ ಬಗ್ಗೆನ ದೊಡ್ಡ ಅಧ್ಯಯನ ಸುರು ಆತು. ದೊಡ್ಡ ನಾಳದಾಗ ಅಡ್ಡಿ ಇಲ್ಲದವರನ್ನ ಪರೀಕ್ಷಾ ಮಾಡಿದಾಗ ಹತ್ರಹತ್ರ ಅರ್ಧ ಮಂದಿಗೆ ಸಣ್ಣ ನಾಳದ ದೋಷ ಕಂಡಬಂತು. ಅಷ್ಟು ಮಂದಿಗೆ ಮೊದಲು "ಏನೂ ಇಲ್ಲ" ಅಂತನ ಹೇಳಿದ್ದಿರಬೇಕು.

ಇಷ್ಟೆಲ್ಲಾ ನನಗ ಹೆಂಗ ಗೊತ್ತಾತು ಅಂತೀರಿ? ನನ್ನ ಎದಿ ನೋವ ಕಲಿಸ್ತು. ಐವತ್ತೊಂದನೇ ವರ್ಷಕ್ಕ ಸುರು ಆತು. ಹಸಿ ಅರಿವಿ ಬಕೆಟ್ ಹಿಡಕೊಂಡು ಮಾಳಿಗಿ ಪಾವಟಿಗಿ ಏರಿದ್ರ ಎದಿ ಮ್ಯಾಲೆ ಬೀಸೋಕಲ್ಲು ಇಟ್ಟಂಗ ಆಗ್ತಿತ್ತು. ಇಳದು ಬಂದು ಕುಂತಮ್ಯಾಲೂ ಹದಿನೈದು-ಇಪ್ಪತ್ತು ನಿಮಿಷ ಬಿಡ್ತಿದ್ದಿಲ್ಲ. ಮೇಲೆ ಹೇಳಿದ ಎಲ್ಲಾ ಪರೀಕ್ಷಾನೂ ಆದವು, ಎಲ್ಲಾ ನಾರ್ಮಲ್. ಒಂದು ದೊಡ್ಡ ದವಾಖಾನಿ ಡಾಕ್ಟರು ಎದುರಿಗೆ ಕುಂತ ನನ್ನ ಬಿಟ್ಟು ನಮ್ಮನಿಯವರಿಗೆ ಹೇಳಿದ್ರು: "ಮುಟ್ಟು ನಿಲ್ಲೋ ವಯಸ್ಸು. ಟೆನ್ಷನ್ ಮಾಡ್ಕೋತಾರ. ನಿದ್ದಿ ಗುಳಗಿ ಬರದೀನಿ." ಎರಡು ನಿಮಿಷನೂ ಆಗಿದ್ದಿಲ್ಲ. ಯಾವಾಗ ನೋಯ್ತದ, ಎಷ್ಟೊತ್ತು ನೋಯ್ತದ ಅಂತ ನನಗ ಒಂದು ಮಾತು ಕೇಳಲಿಲ್ಲ.

ಆರು ತಿಂಗಳಾದಮ್ಯಾಲೆ ವಯಸ್ಸಾದ ಬ್ಯಾರೆ ಡಾಕ್ಟರ ಹತ್ರ ಹೋದೆ. ಅವರು ಫೈಲ್ ತಗೀಲಿಲ್ಲ. "ಮೂರು ವಾರ ಬರಕೊಂಡ ಬರ್ರಿ ತಾಯಿ, ಆಮ್ಯಾಲೆ ನೋಡೋಣ" ಅಂದ್ರು. ಹಾಲಿನ ಲೆಕ್ಕದ ನೋಟಬುಕ್ಕಿನ್ಯಾಗನ ಗೆರಿ ಹಾಕಿ ಬರದೆ: ಯಾವ ಹೊತ್ತು, ಏನು ಮಾಡ್ತಿದ್ದೆ, ಏನು ಉಂಡಿದ್ದೆ, ಎಷ್ಟು ನಿಮಿಷ, ಹೆಂಗ ಕಡಿಮಿ ಆತು. ಆ ಹಾಳಿ ನೋಡಿ ಅವರು ಸಣ್ಣ ನಾಳದ ಮಾತು ಹೇಳಿದ್ರು. ಬಿಪಿ ಔಷಧ ಬದಲಿ ಮಾಡಿದ್ರು, ನಿದ್ದಿ ಗುಳಗಿ ನಿಧಾನಕ್ಕ ಬಿಡಿಸಿದ್ರು, ದಿನಾ ನಿಧಾನ ನಡೀಲಿಕ್ಕೆ ಹಚ್ಚಿದ್ರು. ಬ್ಯಾನಿ ಪೂರಾ ಹೋಗಿಲ್ಲ. ವಾರಕ್ಕ ನಾಲ್ಕು ಸಲ ಬರೋದು ತಿಂಗಳಿಗೆ ಒಂದೆರಡು ಸಲಕ್ಕ ಬಂದದ. ಅದಕ್ಕಿಂತ ಹೆಚ್ಚು, ಅದಕ್ಕೊಂದು ಹೆಸರು ಅದ ಅಂತ ಆತು. ಈಗ ನಾನು ಪಾವಟಿಗಿ ಮ್ಯಾಲೆ ನಿಂತ್ರ ಮಗನ ಬಂದು ಬಕೆಟ್ ಇಸ್ಕೋತಾನ.

ಇದನ್ನ ಕೇಳಿ ನಮ್ಮ ನೆಗೆಣ್ಣಿ ತನಗೂ ಅದ ಅದ ಅಂದಳು. ಆಕಿದೂ ಎದಿ ಬ್ಯಾನಿ, ಆಕಿ ರಿಪೋರ್ಟೂ ನಾರ್ಮಲ್. "ನಿಮ್ಮ ಗುಳಗಿ ಹೆಸರು ಹೇಳ್ರಿ ಅಕ್ಕಾ, ನಾನೂ ತಗೋತೀನಿ" ಅಂತ ಗಂಟು ಬಿದ್ದಳು. ನಾ ಕೊಡಲಿಲ್ಲ, ನೋಟಬುಕ್ ಹಿಡಿಸಿದೆ. ಆಕಿ ಬರದದ್ದು ನೋಡಿದ್ರ ಕಥಿನ ಬ್ಯಾರೆ. ಪಾವಟಿಗಿ ಏರಿದಾಗ ಏನೂ ಇಲ್ಲ. ರಾತ್ರಿ ಹತ್ತಕ್ಕ ಉಂಡು ಹತ್ತೂವರಿಗೆ ಮಲಗಿದ್ರ ಎದಿ ನಡುವ ಉರಿ, ಒತ್ತಡ, ಬಾಯಾಗ ಹುಳಿ ನೀರು. ಎಂಡೋಸ್ಕೋಪಿಯೊಳಗ ಅನ್ನನಾಳ ಕೆಂಪಾಗಿದ್ದು ಕಂಡಿತು. ಅನ್ನನಾಳ ಹೃದಯದ ಹಿಂದನ ಹಾಯ್ದು ಹೋಗ್ತದ. ಎರಡರ ನೋವಿನ ಸುದ್ದಿ ಒಯ್ಯೋ ನರಗಳೂ ಹತ್ರಹತ್ರ ಕೂಡ್ತಾವ. ಹಿಂಗಾಗಿ ಮೈಗೆ ಫರಕ್ ತಿಳಿಯೂದಿಲ್ಲ. ಹೃದಯಕ್ಕಂತ ನಾಲಿಗಿ ಕೆಳಗ ಇಡೋ ಗುಳಗಿ ಅನ್ನನಾಳದ ಸೆಳೆತಾನೂ ಸಡಲ ಮಾಡ್ತದ. ಗುಳಗಿ ಇಟ್ಟಕೂಡಲೇ ನೋವು ಹೋತು, ಅಂದಮ್ಯಾಲೆ ಹೃದಯದ್ದ ಅಂತ ತಿಳಕೊಂಡ್ರನೂ ತಪ್ಪ. ಒಬ್ಬರ ಗುಳಗಿ ಇನ್ನೊಬ್ಬರು ನುಂಗಬಾರದು ಅನ್ನೋದು ಇದಕ್ಕ.

ಬ್ಯಾರೆ ಕಾರಣಾನೂ ಅವ. ಪಕ್ಕಡಿ ಎಲುಬು ಎದಿ ನಡುವಿನ ಎಲುಬಿಗೆ ಕೂಡೋ ಕಡೆ ಬಾವು ಬಂದ್ರ, ಬಟ್ಟಿಲೆ ಒತ್ತಿದಲ್ಲೇ ನೋಯ್ತದ. ಪಿತ್ತಕೋಶದಾಗ ಹಳ್ಳ ಆಗಿದ್ರ, ಕರದದ್ದು ತಿಂದಮ್ಯಾಲೆ ಎದಿ ಕೆಳಗ ಹಿಡದು ಬಲಗಡೆ ಬೆನ್ನಿಗೆ ಹೋಗ್ತದ. ನಮ್ಮ ಅತ್ತಿಯವರಿಗೆ ಎಡಗಡೆ ಎದಿ ಸುಟ್ಟಂಗ ಆಗಿ ಇಸಿಜಿ ಮಾಡಿಸಿದ್ವಿ, ನಾರ್ಮಲ್. ನಾಲ್ಕನೇ ದಿವಸ ಅಲ್ಲೇ ಗುಳ್ಳಿ ಎದ್ದವು, ಸರ್ಪಸುತ್ತು. ಇನ್ನ ರಕ್ತ ಕಡಿಮಿ ಇರೋದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷಾದ ಪ್ರಕಾರ ನಮ್ಮ ದೇಶದಾಗ 15ರಿಂದ 49 ವಯಸ್ಸಿನ ಹೆಣ್ಮಕ್ಕಳೊಳಗ 100ಕ್ಕ 57 ಮಂದಿಗೆ ರಕ್ತಹೀನತಾ ಅದ. ರಕ್ತ ಭಾಳ ಕಡಿಮಿ ಆದ್ರ ಎದಿ ಡವಡವ ಅಂತದ, ಏರಿದ್ರ ಉಸಿರು ಹತ್ತತದ, ಎದಿ ಹಿಡೀತದ. ಆಂಜಿಯೋಗ್ರಾಮಿಗೆ ರೊಕ್ಕ ಹೊಂದಸ್ತೀವಿ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿಲ್ಲ ಅಂದ್ರ ಹೆಂಗ?

ಈಗ ಟೆನ್ಷನ್ ಅನ್ನೋ ಶಬ್ದಕ್ಕ ಬರ್ತೀನಿ. ಮನಸ್ಸಿನ ತ್ರಾಸದಿಂದ ಎದಿ ನೋವು ಬರೂದಿಲ್ಲ ಅಂತ ನಾ ಹೇಳೂದಿಲ್ಲ. ಬರ್ತದ. ಪ್ಯಾನಿಕ್ ಅಟ್ಯಾಕ್ ಬಂದವರಿಗೆ ಜೀವ ಹೋದಂಗ ಆಗ್ತದ, ಆ ನೋವು ನಾಟಕ ಅಲ್ಲ. ಆದ್ರ ಅದು ಕಾರಣ ಅಂತ ಅನಿಸಿದ್ರ ಅದನ್ನೂ ಕೇಳಿ, ನೋಡಿ, ಚಿಕಿತ್ಸಾ ಕೊಡಬೇಕು. ನಮ್ಮ ಧಾರವಾಡದಾಗನ ಡಿಮ್ಹಾನ್ಸ್ ಅದ, ಅಲ್ಲಿಗೆ ಹೋಗೂದ್ರಾಗ ಅವಮಾನ ಏನಿಲ್ಲ. ಬ್ಯಾರೆ ಏನೂ ಸಿಗಲಿಲ್ಲ ಅಂತ ಟೆನ್ಷನ್ ಅಂದು ಎಬ್ಬಿಸಿ ಕಳಸೋದು ಮಾತ್ರ ಚಿಕಿತ್ಸಾ ಅಲ್ಲ.

ನನ್ನ ಮಾತಿಗೆ ಎದುರು ಹೇಳೋರೂ ಇದ್ದಾರ. "ಹಿಂಗ ಹೇಳಿದ್ರ ಹೆಣ್ಮಕ್ಕಳೆಲ್ಲಾ ದವಾಖಾನಿ ದವಾಖಾನಿ ತಿರುಗತಾರ" ಅಂತ ನಮ್ಮ ಭಾವನೋರ ಅಂದ್ರು. ಅದೂ ಸುಳ್ಳಲ್ಲ. 2021ರ ಅಕ್ಟೋಬರಿನ್ಯಾಗ ಪುನೀತ್ ಹೋದಾಗ, ಆಮ್ಯಾಲೆ 2025ರಾಗ ಹಾಸನದ ಕಡೆ ಸಣ್ಣ ವಯಸ್ಸಿನವರು ಹೋದ ಸುದ್ದಿ ಬಂದಾಗ, ಜಯದೇವ ದವಾಖಾನಿ ಮುಂದ ಮಂದಿ ನಸುಕಿನಿಂದ ಪಾಳಿ ಹಚ್ಚಿದ್ರು. ಅಂಜಿಕಿಗೆ ಪರೀಕ್ಷಾ ಮಾಡಿಸೋದು, ನಾರ್ಮಲ್ ಅಂದ್ರ ನಂಬದ ಮತ್ತೊಂದು ಊರಿಗೆ ಹೋಗಿ ಅದ ಪರೀಕ್ಷಾ ಮತ್ತ ಮಾಡಿಸೋದು, ಇದನ್ನ ನಾ ಹೇಳಾಕತ್ತಿಲ್ಲ. ಪರೀಕ್ಷಾ ಹೆಚ್ಚು ಬ್ಯಾಡ, ಮಾತು ಹೆಚ್ಚು ಬೇಕು. ಒಬ್ಬರ ಡಾಕ್ಟರು, ಒಂದ ನೋಟಬುಕ್ಕು, ತಿರುಗಿ ಭೆಟ್ಟಿ.

ಹೋದಾಗ ನಿಮ್ಮ ನೋವು ನೀವ ಹೇಳ್ರಿ, ಗಂಡನ ಕೈಲೆ ಹೇಳಿಸಬ್ಯಾಡ್ರಿ. "ಹೃದಯದ್ದಲ್ಲ ಅಂದ್ರ ಮತ್ತ ಯಾತರದ್ದು ಇರಬಹುದು? ಸಣ್ಣ ನಾಳದ್ದು ಇರಬಹುದೇನು? ಹೊಟ್ಟಿ ಡಾಕ್ಟರಿಗೆ ತೋರಸಬೇಕೇನು? ಎಂಥಾ ನೋವು ಬಂದ್ರ ಓಡಿ ಬರಬೇಕು? ಮತ್ತ ಯಾವಾಗ ಬರಲಿ?" ಇಷ್ಟು ಚೀಟಿ ಬರಕೊಂಡು ಹೋಗ್ರಿ. ತಗೋಳೋ ಗುಳಗಿ ಎಲ್ಲಾ ಒಂದು ಚೀಲದಾಗ ಹಾಕ್ಕೊಂಡು ಹೋಗ್ರಿ. ಇಷ್ಟಕ್ಕ ಸಿಟ್ಟು ಮಾಡೋ ಡಾಕ್ಟರಿದ್ದರ ಬ್ಯಾರೆ ಡಾಕ್ಟರು ಇರ್ತಾರ.

ಮನಿಯವರಿಗೂ ಒಂದು ಮಾತು. ಮನ್ಯಾಗಿನ ಹೆಣ್ಮಗಳು ಮೂರನೇ ಸಲ "ಎದಿ ನೋಯ್ತದ" ಅಂದ್ರ "ಮತ್ತ ಸುರು ಮಾಡಿದಿ?" ಅನಬ್ಯಾಡ್ರಿ. "ಯಾವಾಗ ಸುರು ಆತು?" ಅಂತ ಕೇಳ್ರಿ. ಇಷ್ಟ ಕೇಳಿದ್ರ ಆಕಿ ಮುಂದಿನ ಸಲ ಮುಚ್ಚಿಡೂದಿಲ್ಲ.

ನೋಟಬುಕ್ಕಿನ್ಯಾಗ ಗೆರಿ ಹೆಂಗ ಹಾಕಬೇಕು ಅಂತ ತಿಳಿಯದಿದ್ರ ನಮ್ಮನಿಗೆ ಬರ್ರಿ, ನನ್ನದು ತೋರಸ್ತೀನಿ. ಮೂರು ಗಂಟೆ ಮ್ಯಾಲೆ ಬಂದ್ರ ಛಲೋ, ಚಹಾನೂ ಆಗ್ತದ.