ಬಾಗಿಲು ತೆರೆಯಿತು, ಬೆಲೆ ತೆತ್ತವರಾರು?

ಕಾಯಿದೆಯಲ್ಲಿ ಬರೆದ ನಿಷೇಧವನ್ನು ಅಳಿಸಬಹುದು. ಬರೆಯದೆಯೇ ನಡೆದುಬಂದ ನಿಷೇಧವನ್ನು ಅಳಿಸುವುದು ಸುಲಭವಲ್ಲ. ಅಮೆರಿಕದ ಜನಪ್ರಿಯ ಕ್ರೀಡೆಯಾದ ಬೇಸ್‌ಬಾಲಿನ ಇತಿಹಾಸವೇ ಇದಕ್ಕೆ ನಿದರ್ಶನ. 1884ರಲ್ಲಿ ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ವರ್ಣದ ಆಟಗಾರ ಟೊಲಿಡೊ ತಂಡದ ಪರವಾಗಿ ಅಗ್ರಶ್ರೇಣಿಯ ಪಂದ್ಯಗಳನ್ನಾಡಿದ್ದ. ಅನಂತರ ಆರು ದಶಕಗಳ ಕಾಲ ಅವನ ಜನಾಂಗಕ್ಕೆ ಆ ಅಂಗಳದಲ್ಲಿ ಆಸ್ಪದವಿರಲಿಲ್ಲ. ತಂಡಗಳ ಒಡೆಯರ ಮೌನ ಒಡಂಬಡಿಕೆಯೊಂದೇ ಅದಕ್ಕೆ ಸಾಕಾಗಿತ್ತು.

ಹೊರಗುಳಿದವರು ಕೈಕಟ್ಟಿ ಕೂಡಲಿಲ್ಲ. 1920ರಲ್ಲಿ ರೂಬ್ ಫಾಸ್ಟರ್ ಎಂಬಾತನ ನೇತೃತ್ವದಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಸ್ಥಾಪಿತವಾಯಿತು. ಅದರ ಹಿಂದೆಯೇ ಅಂಥವೇ ಬೇರೆ ಲೀಗುಗಳೂ ತಲೆಯೆತ್ತಿದವು. ಆಟಗಾರರಿಗಷ್ಟೇ ಅಲ್ಲದೆ ವ್ಯವಸ್ಥಾಪಕರಿಗೆ, ಅಂಪೈರುಗಳಿಗೆ, ಟಿಕೆಟು ಮಾರುವವರಿಗೆ ಕೂಡ ಅವು ಅನ್ನವನ್ನೂ ಅಭಿಮಾನವನ್ನೂ ಒದಗಿಸಿದವು.

1945ರ ಆಗಸ್ಟ್ 28ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ, ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಜಾಕಿ ರಾಬಿನ್‌ಸನ್ನನನ್ನು ಕರೆಸಿಕೊಂಡ. ಒಂದು ವರ್ಷದ ಹಿಂದೆ, ಸೈನ್ಯದಲ್ಲಿದ್ದಾಗ, ಬಸ್ಸಿನ ಹಿಂಭಾಗಕ್ಕೆ ಹೋಗಲೊಪ್ಪದೆ ಸೇನಾ ನ್ಯಾಯಾಲಯದ ವಿಚಾರಣೆಯನ್ನೆದುರಿಸಿ ನಿರ್ದೋಷಿಯೆನಿಸಿದ್ದ ಸ್ವಾಭಿಮಾನಿ ಆತ. ಅಂಥವನಿಂದ ರಿಕಿ ಪಡೆದ ಭಾಷೆಯೆಂದರೆ, ಎಷ್ಟೇ ಬೈಗುಳ ಬಿದ್ದರೂ ತಿರುಗಿ ಬೀಳಬಾರದೆಂಬುದು! ತಪ್ಪು ಮಾಡಿದವರು ಅಂಕೆಯಿಲ್ಲದೆ ಕೂಗಾಡಬಹುದು. ತಪ್ಪಿಲ್ಲದವನು ತುಟಿ ಬಿಗಿದಿರಬೇಕು.

ಮರುವರ್ಷ ಕೆಳಶ್ರೇಣಿಯ ಮಾಂಟ್ರಿಯಲ್ ತಂಡದಲ್ಲಿ ಆಡಿದ ರಾಬಿನ್‌ಸನ್, 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ನಿನ ಪರವಾಗಿ ಅಂಗಳಕ್ಕಿಳಿದ. ಫಿಲಡೆಲ್ಫಿಯ ತಂಡದ ವ್ಯವಸ್ಥಾಪಕ ಬೆನ್ ಚಾಪ್‌ಮನ್ ಹೀನಾಮಾನ ಬೈದ. ರಾಬಿನ್‌ಸನ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಆ ಬೈಗುಳವೇ ಆತನ ಬಿಳಿಯ ಸಂಗಡಿಗರನ್ನು ಆತನ ಪಕ್ಕಕ್ಕೆ ತಂದು ನಿಲ್ಲಿಸಿತು. ಆ ವರ್ಷ ಆತ ಶ್ರೇಷ್ಠ ಹೊಸ ಆಟಗಾರನೆನಿಸಿದ. 1949ರಲ್ಲಿ ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಗೌರವ ಪಡೆದ. ಕರಿಯರೂ ಬಿಳಿಯರೂ ಒಬ್ಬನೇ ಆಟಗಾರನಿಗಾಗಿ ಚಪ್ಪಾಳೆ ತಟ್ಟಿದರು. ಶಾಲೆಗಳಲ್ಲಿನ ವರ್ಣಭೇದ ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ ಸಾರಿದ್ದು 1954ರಲ್ಲಿ. ಆಟದ ಅಂಗಳ ಅದಕ್ಕೆ ಏಳು ವರ್ಷ ಮೊದಲೇ ಬದಲಾಗತೊಡಗಿತ್ತು.

ಆದರೆ ಈ ವಿಜಯಕ್ಕೆ ಇನ್ನೊಂದು ಮುಖವುಂಟು. ರಾಬಿನ್‌ಸನ್ನನನ್ನು ಕರೆದೊಯ್ದ ರಿಕಿ ಮೊನಾರ್ಕ್ಸ್ ತಂಡಕ್ಕೆ ಕಾಸೊಂದನ್ನೂ ಕೊಡಲಿಲ್ಲ. ಪ್ರೇಕ್ಷಕರು ತಮ್ಮ ವೀರನ ಹಿಂದೆ ಹೊರಟುಹೋದರು; 1948ರ ಅನಂತರ ನೀಗ್ರೋ ನ್ಯಾಷನಲ್ ಲೀಗ್ ಬಾಗಿಲು ಮುಚ್ಚಿತು. ತರುಣ ಆಟಗಾರರಿಗೆ ಹೊಸ ಅಂಗಳ ದೊರೆಯಿತು. ವಯಸ್ಸು ಮೀರಿದವರಿಗೆ, ವ್ಯವಸ್ಥಾಪಕರಿಗೆ, ಅಂಪೈರುಗಳಿಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ಗತಿಯಾಯಿತು. ಅಪ್ರತಿಮ ದಾಂಡಿಗ ಜಾಶ್ ಗಿಬ್ಸನ್, ರಾಬಿನ್‌ಸನ್ ಅಂಗಳಕ್ಕಿಳಿಯುವುದಕ್ಕೆ ಮೂರು ತಿಂಗಳ ಮೊದಲು, 35ನೆಯ ವಯಸ್ಸಿನಲ್ಲಿಯೇ ಕಣ್ಮುಚ್ಚಿದ್ದ.

ತೆರೆದ ಬಾಗಿಲಾದರೂ ಪೂರ್ತಿ ತೆರೆಯಿತೇ? ಬಾಸ್ಟನ್ ರೆಡ್ ಸಾಕ್ಸ್ ತಂಡ ಮೊದಲ ಕಪ್ಪು ಆಟಗಾರನನ್ನು ಕಣಕ್ಕಿಳಿಸಿದ್ದು 1959ರಲ್ಲಿ. ಆಡಲು ಬಂದವನಿಗೆ ಆಡಿಸುವ ಅಧಿಕಾರ ಇನ್ನೂ ದೂರವಿತ್ತು. ಕಪ್ಪು ವ್ಯವಸ್ಥಾಪಕನೊಬ್ಬನನ್ನು ಕಾಣಬೇಕೆಂದು 1972ರ ಅಕ್ಟೋಬರಿನಲ್ಲಿ ಬಹಿರಂಗವಾಗಿ ಕೇಳಿದ ರಾಬಿನ್‌ಸನ್ ಒಂಬತ್ತೇ ದಿನಗಳಲ್ಲಿ ತೀರಿಕೊಂಡ. ಆ ಸ್ಥಾನಕ್ಕೆ ಫ್ರಾಂಕ್ ರಾಬಿನ್‌ಸನ್ ಬಂದು ಕ್ಲೀವ್‌ಲೆಂಡ್ ತಂಡವನ್ನು ಆಡಿಸಿದ್ದು 1975ರಲ್ಲಿ.

2024ರಲ್ಲಿ ನೀಗ್ರೋ ಲೀಗುಗಳ ಅಂಕಿಅಂಶಗಳು ಅಗ್ರಶ್ರೇಣಿಯ ದಾಖಲೆಯನ್ನು ಸೇರಿದವು. .372ರ ಸರಾಸರಿಯೊಡನೆ ಗಿಬ್ಸನ್ನನ ಹೆಸರು ದಾಂಡಿಗರ ಪಟ್ಟಿಯ ತುದಿಗೇರಿತು. ಅದನ್ನು ಓದಲು ಆತನಿರಲಿಲ್ಲ. ಬೇಲಿ ದಾಟಿದವನನ್ನು ಕೊಂಡಾಡುವುದು ಉಚಿತವೇ. ಬೇಲಿ ಹಾಕಿದವರು ತೆರಬೇಕಾಗಿದ್ದ ಬೆಲೆಯನ್ನು ಹೊರಗೆ ನಿಂತವರೇ ತೆತ್ತರೆಂಬುದನ್ನು ಮರೆಯುವುದು ಮಾತ್ರ ಉಚಿತವಲ್ಲ.